ಮೊಣಕೈ ಮುರಿತಕ್ಕೆ ಕೀಲು ಬದಲಾವಣೆ: ಹತ್ತು ವರ್ಷ ಕಳೆದ ಮೇಲೆ ಆ ಕೀಲು ಹೇಗಿರುತ್ತದೆ?

ಮರುಚಲನೆ · ಫಿಸಿಯೋಥೆರಪಿ

ತೋಳಿನ ಮೂಳೆಯ ಕೆಳತುದಿ ಚೂರುಚೂರಾದ ವಯಸ್ಸಾದವರಿಗೆ ಪ್ಲೇಟು-ಸ್ಕ್ರೂ ಬಿಟ್ಟು ಮೊಣಕೈ ಕೀಲನ್ನೇ ಬದಲಾಯಿಸುವುದು ಈಗ ಮೊದಲಿಗಿಂತ ಹೆಚ್ಚು ಕಾಣುತ್ತಿದೆ. ಮೊದಲ ವರ್ಷ ಚೆನ್ನಾಗಿಯೇ ಇರುತ್ತದೆ, ಅದರಲ್ಲಿ ತಕರಾರಿಲ್ಲ. ಮನೆಯವರು ಕೇಳುವ ಪ್ರಶ್ನೆಯೇ ಬೇರೆ: "ಎಷ್ಟು ವರ್ಷ ಬರುತ್ತೆ? ಅಮ್ಮ ಮತ್ತೆ ಕೊಡ ಎತ್ತಬಹುದಾ?" ಮಂಡಿ, ಸೊಂಟದ ಕೀಲಿಗೆ ನಾವು ಹೇಳುವ ಉತ್ತರವನ್ನೇ ಮೊಣಕೈಗೂ ಹೇಳಿಬಿಡುತ್ತೇವೆ. ಅದು ಸರಿಯಲ್ಲ ಅನ್ನುವುದು ನನ್ನ ಅನಿಸಿಕೆ. ಹತ್ತು ವರ್ಷ ದಾಟಿದ ಅಧ್ಯಯನಗಳನ್ನು ಓದಿದವರು, ಆಪರೇಷನ್ ಮಾಡುವವರು, ಆಮೇಲೆ ಎಕ್ಸ್‌ರೇ ನೋಡುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಭುಜಮೊಣಕೈ · ಮೂಳೆ ಶಸ್ತ್ರಚಿಕಿತ್ಸೆ

ಒಳ್ಳೆಯ ಪ್ರಶ್ನೆ ಮೇಡಂ. "ಬಾಳಿಕೆ" ಅನ್ನುವ ಒಂದೇ ಪದದೊಳಗೆ ಎರಡು ಲೆಕ್ಕ ಬೆರೆತಿವೆ. ಕೀಲು ಎಷ್ಟು ವರ್ಷ ಉಳಿಯಿತು ಅನ್ನುವುದು ಒಂದು, ಆ ವ್ಯಕ್ತಿ ಎಷ್ಟು ವರ್ಷ ಬದುಕಿದರು ಅನ್ನುವುದು ಇನ್ನೊಂದು. ಎಪ್ಪತ್ತೆಂಟರ ಅಜ್ಜಿಗೆ ಹಾಕಿದ ಕೀಲು ಅವರ ಆಯಸ್ಸು ಮುಗಿಯುವವರೆಗೆ ತೊಂದರೆ ಕೊಡದಿದ್ದರೆ ಅದು ಗೆದ್ದಂತೆ. ಐವತ್ತೈದರ ರೈತನಿಗೆ ಅದೇ ಕೀಲು ಹನ್ನೆರಡು ವರ್ಷಕ್ಕೆ ಸಡಿಲಾದರೆ ಅದು ಸೋಲು, ಯಾಕೆಂದರೆ ಮುಂದಿನ ಇಪ್ಪತ್ತು ವರ್ಷಕ್ಕೆ ಅಲ್ಲಿ ಮೂಳೆಯೇ ಉಳಿದಿರುವುದಿಲ್ಲ.

ಅಂಕಿಅಂಶಕ್ಕೆ ಬರೋಣ. ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್‌ನಲ್ಲಿರುವ ಮೇಯೋ ಕ್ಲಿನಿಕ್ ಈ ವಿಷಯದಲ್ಲಿ ಬಹಳ ಹಳೆಯ ದಾಖಲೆ ಇಟ್ಟುಕೊಂಡಿದೆ. ಕಾಬ್ ಮತ್ತು ಮೋರಿ 1997ರಲ್ಲಿ 21 ಮೊಣಕೈಗಳ ವರದಿ ಕೊಟ್ಟರು. ಹಿಂಬಾಲಿಕೆ (ಆಪರೇಷನ್ ಆದ ಮೇಲೆ ರೋಗಿಯನ್ನು ಗಮನಿಸಿದ ಅವಧಿ) ಸರಾಸರಿ ಮೂರು ವರ್ಷ ಚಿಲ್ಲರೆ ಅಷ್ಟೇ, ಆದರೆ ಜಗತ್ತು ಈ ದಾರಿ ಹಿಡಿದದ್ದು ಅಲ್ಲಿಂದ. 2004ರಲ್ಲಿ ಕಾಮಿನೇನಿ ಮತ್ತು ಮೋರಿ 49 ಮುರಿತಗಳ ವರದಿ ಬರೆದರು. ಎರಡು ವರ್ಷಕ್ಕೂ ಹೆಚ್ಚು ಕಾಲ ನೋಡಿದ 43 ಮೊಣಕೈಗಳ ಹಿಂಬಾಲಿಕೆ ಸರಾಸರಿ ಏಳು ವರ್ಷ. ಮಡಚುವ-ಚಾಚುವ ವ್ಯಾಪ್ತಿ 24 ಡಿಗ್ರಿಯಿಂದ 131 ಡಿಗ್ರಿ. 49ರಲ್ಲಿ 32 ಮೊಣಕೈಗೆ ಯಾವ ತೊಡಕೂ ಬರಲಿಲ್ಲ, ಮತ್ತೊಂದು ಆಪರೇಷನ್ನೂ ಬೇಕಾಗಲಿಲ್ಲ. ಐದಕ್ಕೆ ಕೀಲನ್ನು ಮತ್ತೆ ಬದಲಾಯಿಸಬೇಕಾಯಿತು. ಅಂದರೆ ಮೂವರಲ್ಲಿ ಒಬ್ಬರಿಗೆ ಏನಾದರೊಂದು ಆಗಿದೆ. ಮಂಡಿ ಕೀಲಿನವರಿಗೆ ಈ ಪ್ರಮಾಣ ಹೇಳಿದರೆ ಯಾರೂ ಒಪ್ಪುವುದಿಲ್ಲ. ಮೊಣಕೈ ವಿಷಯದಲ್ಲಿ ಇದನ್ನು ಮೊದಲೇ, ಬಾಯಿಬಿಟ್ಟು ಹೇಳಬೇಕು.

ಕನಿಷ್ಠ ಹತ್ತು ವರ್ಷದ ಹಿಂಬಾಲಿಕೆ ಬೇಕು ಅಂದರೆ ಅದೇ ಸಂಸ್ಥೆಯ 2017ರ ವರದಿ ಇದೆ, ಬಾರ್ಕೊ ಮತ್ತು ಜೊತೆಗಾರರದ್ದು. ಅದರಲ್ಲಿ 44 ಮೊಣಕೈ. ನೋವು ಬಹುತೇಕ ಇಲ್ಲ. ಮಡಚುವುದು ಸರಾಸರಿ 123 ಡಿಗ್ರಿ, ಪೂರ್ತಿ ಚಾಚಲು 24 ಡಿಗ್ರಿ ಕಡಿಮೆ. ನೋವು, ಚಲನೆ, ಗಟ್ಟಿತನ, ದಿನದ ಕೆಲಸ ಎಲ್ಲ ಸೇರಿಸಿ 100ಕ್ಕೆ ಲೆಕ್ಕ ಹಾಕುವ ಮೇಯೋ ಅಂಕ 90ರ ಆಸುಪಾಸು. ಆಳದ ಸೋಂಕು ಐದು ಮೊಣಕೈಗೆ. ಎಂಟರಲ್ಲಿ ಕೀಲನ್ನು ಬದಲಾಯಿಸಬೇಕಾಯಿತು ಇಲ್ಲವೇ ತೆಗೆಯಬೇಕಾಯಿತು. ರುಮಟಾಯ್ಡ್ ಸಂಧಿವಾತ ಇಲ್ಲದವರಲ್ಲಿ ಐದನೇ ವರ್ಷಕ್ಕೂ ಹತ್ತನೇ ವರ್ಷಕ್ಕೂ 92% ಕೀಲುಗಳು ಉಳಿದಿದ್ದವು. ಸಂಧಿವಾತ ಇದ್ದವರಲ್ಲಿ ಐದಕ್ಕೆ 85%, ಹತ್ತಕ್ಕೆ 76%. ಗಂಡಸರಲ್ಲಿ ಸೋಲುವ ಸಾಧ್ಯತೆ ಹೆಚ್ಚು. ಅದಕ್ಕೆ ಕಾರಣ ಭಾರ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಕಟ್ಟುಪಟ್ಟಿ · ಅಪಘಾತ ವಿಭಾಗ, ಜಿಲ್ಲಾ ಆಸ್ಪತ್ರೆ

ಸರ್, ಎಲ್ಲ ಸಂಖ್ಯೆಗಳೂ ಒಂದೇ ಕಡೆಯವು. ಅದೂ ಆ ಕೀಲನ್ನು (ಕೂನ್ರಾಡ್-ಮೋರಿ) ರೂಪಿಸಿದವರ ಮನೆಯವು. ವರ್ಷಕ್ಕೆ ಒಂದೋ ಎರಡೋ ಮೊಣಕೈ ಕೀಲು ಹಾಕುವ ನಮ್ಮಂಥ ಕಡೆ ಅದೇ ಫಲಿತಾಂಶ ಬರುತ್ತದೆ ಅಂತ ಹೇಳುವುದು ಹೇಗೆ?

ಇನ್ನೊಂದು ಮಾತು. ಅರವತ್ತೈದರ ಮೇಲಿನ ಎಲ್ಲರಿಗೂ ಕೀಲೇ ಉತ್ತರವಲ್ಲ. ಸ್ಕ್ರೂ ಪ್ಲೇಟಿಗೇ ಬಿಗಿಯುವ ಹೊಸ ಲಾಕಿಂಗ್ ಪ್ಲೇಟು ಎರಡೂ ಬದಿಗೆ ಹಾಕಿ, ಪ್ರತಿ ಸ್ಕ್ರೂ ಎದುರು ಬದಿಯ ತುಂಡನ್ನು ಹಿಡಿಯುವಂತೆ ಕೂರಿಸಿದರೆ ಸವೆದ ಮೂಳೆಯಲ್ಲೂ ನಿಲ್ಲುತ್ತದೆ. ಕೂಡಿದ ಮೂಳೆಗೆ ಭಾರದ ಮಿತಿ ಇಲ್ಲ, ಬುಷ್ (ಕೀಲಿನೊಳಗಿನ ಪ್ಲಾಸ್ಟಿಕ್ ಬಳೆ) ಸವೆಯುವ ಮಾತಿಲ್ಲ.

ಭುಜಮೊಣಕೈ · ಮೂಳೆ ಶಸ್ತ್ರಚಿಕಿತ್ಸೆ

ಎರಡೂ ಆಕ್ಷೇಪ ಸರಿ. ಮೊದಲನೆಯದಕ್ಕೆ: ಸ್ಕಾಟ್ಲೆಂಡ್‌ನಲ್ಲಿ 1991ರಿಂದ 2008ರವರೆಗಿನ 1146 ಮೊಣಕೈ ಕೀಲುಗಳ ಲೆಕ್ಕ ನೋಡಿದಾಗ ವರ್ಷಕ್ಕೆ ಹತ್ತಕ್ಕಿಂತ ಹೆಚ್ಚು ಮಾಡುವ ಸರ್ಜನ್‌ಗಳ ಕೈಯಲ್ಲಿ ಮರುಶಸ್ತ್ರಚಿಕಿತ್ಸೆ ಕಡಿಮೆ ಇತ್ತು. ಹಾಗಾಗಿ ಕಳಿಸಿಕೊಡಿ ಅನ್ನುವುದೇ ನನ್ನ ಸಲಹೆ. ಚರ್ಮ ಸೀಳದ, ನಾಡಿ ಚೆನ್ನಾಗಿರುವ ಮುರಿತಕ್ಕೆ ರಾತ್ರೋರಾತ್ರಿ ಅವಸರವಿಲ್ಲ. ಸ್ಲ್ಯಾಬ್ (ಅರ್ಧ ಪ್ಲಾಸ್ಟರ್) ಹಾಕಿ, ಊತ ಇಳಿಸಿ, ನಾಲ್ಕಾರು ದಿನದಲ್ಲಿ ಮಾಡುವ ಕಡೆಗೆ ಕಳಿಸಬಹುದು.

ಎರಡನೆಯದಕ್ಕೆ ಕೆನಡಾದ ಪ್ರಯೋಗ ಇದೆ. ಮೆಕ್ಕೀ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ್ದು. 65 ದಾಟಿದ 42 ಜನ, ಚೀಟಿ ಎತ್ತಿದ ಹಾಗೆ ಅರ್ಧ ಪ್ಲೇಟಿಗೆ, ಅರ್ಧ ಕೀಲಿಗೆ. ಪ್ಲೇಟಿನ ಗುಂಪಿನ ಐವರಲ್ಲಿ ಮೇಜಿನ ಮೇಲೆ ತೆರೆದು ನೋಡಿದಾಗ ಬೇಗ ಕೈ ಆಡಿಸುವಷ್ಟು ಗಟ್ಟಿಯಾಗಿ ಹಿಡಿಸಲು ಆಗದೆ ಕೀಲನ್ನೇ ಹಾಕಬೇಕಾಯಿತು. ಇಡೀ ಅಧ್ಯಯನದಲ್ಲಿ ನನಗೆ ಮುಖ್ಯ ಅನ್ನಿಸುವುದು ಈ ಐವರೇ. ಎರಡು ವರ್ಷಕ್ಕೆ ಮೇಯೋ ಅಂಕ ಕೀಲಿನವರಿಗೆ 86, ಪ್ಲೇಟಿನವರಿಗೆ 73. ಮತ್ತೆ ಆಪರೇಷನ್ ಬೇಕಾದದ್ದು 25ರಲ್ಲಿ 3 ಮತ್ತು 15ರಲ್ಲಿ 4; ಈ ವ್ಯತ್ಯಾಸ ಖಚಿತವಾಗಿ ಹೇಳುವಷ್ಟು ದೊಡ್ಡದಲ್ಲ. ಅದೇ ರೋಗಿಗಳನ್ನು ಸರಾಸರಿ ಹನ್ನೆರಡೂವರೆ ವರ್ಷ ಹಿಂಬಾಲಿಸಿದ ವರದಿ 2019ರಲ್ಲಿ ಬಂತು. ಅಷ್ಟರಲ್ಲಿ ಹಲವರು ತೀರಿಕೊಂಡಿದ್ದರು. ಅವರಲ್ಲಿ ಹೆಚ್ಚಿನವರು ಕೆಲಸ ಮಾಡುತ್ತಿದ್ದ ಕೀಲಿನೊಂದಿಗೇ ಹೋದರು. ನಾನು ಮೇಲೆ ಹೇಳಿದ ಎರಡು ಲೆಕ್ಕ ಇದೇ.

ನಿಮ್ಮ ಮಾತಿನಲ್ಲಿ ನಾನು ಒಪ್ಪುವುದು ಇದು: ತುಂಡುಗಳು ದೊಡ್ಡವಿದ್ದು ಗಟ್ಟಿಯಾಗಿ ಹಿಡಿಸಲು ಆಗುವುದಾದರೆ ಪ್ಲೇಟೇ ಸರಿ, ವಯಸ್ಸು ಎಷ್ಟೇ ಇರಲಿ. ಕೀಲು ಇರುವುದು ತೀರಾ ಕೆಳಗೆ ಮುರಿದು, ಕೀಲಿನ ಮೇಲ್ಮೈ ಶಂಕರಪೋಳಿಯ ಪುಡಿಯಂತಾದ, ಸಿ3 ದರ್ಜೆ ಎಂದು ಕರೆಯುವ ಮುರಿತಗಳಿಗೆ, ಮೊದಲೇ ಸಂಧಿವಾತದಿಂದ ಹಾಳಾದ ಕೀಲಿಗೆ.

ಕಟ್ಟುಪಟ್ಟಿ · ಅಪಘಾತ ವಿಭಾಗ, ಜಿಲ್ಲಾ ಆಸ್ಪತ್ರೆ

ಹಾಗಾದರೆ ಪ್ಲೇಟು ಹಾಕಲು ಹೋಗುವವರು ಒಂದು ತಪ್ಪು ಮಾಡಬಾರದು. ಕೀಲಿಗೆ ಬದಲಾಯಿಸಬೇಕಾಗಬಹುದು ಎಂಬ ಸಂಶಯ ಸ್ವಲ್ಪ ಇದ್ದರೂ ಓಲೆಕ್ರಾನಾನ್ (ಮೊಣಕೈ ಮೊನೆಯ ಮೂಳೆ) ಕತ್ತರಿಸಿ ಒಳಗೆ ಹೋಗಬೇಡಿ. ಆಮೇಲೆ ಅಲ್ನಾದೊಳಗೆ (ಮುಂಗೈಯ ಕಿರುಬೆರಳ ಬದಿಯ ಮೂಳೆ) ಕೂರುವ ಕೀಲಿನ ಕಾಂಡಕ್ಕೆ ಆಸರೆಯಾಗುವ ಮೂಳೆಯೇ ಎರಡು ತುಂಡಾಗಿರುತ್ತದೆ. ಟ್ರೈಸೆಪ್ಸ್‌ನ (ಮೊಣಕೈ ಚಾಚುವ, ತೋಳಿನ ಹಿಂಭಾಗದ ಸ್ನಾಯು) ಎರಡೂ ಪಕ್ಕದಿಂದ ಕಿಟಕಿ ಮಾಡಿ ನೋಡಿ, ಆಮೇಲೆ ತೀರ್ಮಾನಿಸಿ.

ಭುಜಮೊಣಕೈ · ಮೂಳೆ ಶಸ್ತ್ರಚಿಕಿತ್ಸೆ

ನೂರಕ್ಕೆ ನೂರು. ಮುರಿತಕ್ಕೆ ಕೀಲು ಹಾಕುವಾಗ ನಮಗೆ ಒಂದು ಅನುಕೂಲವಿದೆ: ಮುರಿದ ಚೂರುಗಳನ್ನು ತೆಗೆದರೆ ಅಲ್ಲೇ ಕೆಲಸ ಮಾಡುವ ಜಾಗ ಸಿಗುತ್ತದೆ. ಟ್ರೈಸೆಪ್ಸ್ ಅನ್ನು ಅಲ್ನಾದಿಂದ ಬಿಡಿಸುವ ಅಗತ್ಯವೇ ಬರುವುದಿಲ್ಲ. ಹತ್ತು ವರ್ಷದ ನಂತರ ಕೈ ತಲೆಯ ಮೇಲೆತ್ತಿ ಬಾಚಣಿಗೆ ಹಿಡಿಯಬೇಕಾದರೆ, ಕುರ್ಚಿಯ ಕೈ ಹಿಡಿದು ಏಳಬೇಕಾದರೆ ಆ ಸ್ನಾಯುವೇ ಬೇಕು. ಬಿಡಿಸಿ ಮತ್ತೆ ಹೊಲಿದ ಟ್ರೈಸೆಪ್ಸ್ ಕೆಲವರಲ್ಲಿ ಕಿತ್ತುಬರುತ್ತದೆ, ಕೆಲವರಲ್ಲಿ ಉದ್ದವಾಗಿ ವಾಸಿಯಾಗಿ ಬಲವೇ ಇರುವುದಿಲ್ಲ. ಎರಡೂ ಬದಿಯ ಕಾಂಡೈಲ್ (ತೋಳಿನ ಮೂಳೆಯ ಕೆಳತುದಿಯ ಉಬ್ಬು) ತೆಗೆದರೆ ಹಿಡಿತದ ಬಲ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸ್ನಾಯುಗಳ ಬುಡವನ್ನು ಟ್ರೈಸೆಪ್ಸ್ ಪಕ್ಕಕ್ಕೆ ಹೊಲಿದರೆ ಅವು ಅಲ್ಲೇ ಅಂಟಿಕೊಳ್ಳುತ್ತವೆ. ಅಳತೆ ಮಾಡಿ ನೋಡಿದಾಗ ಗಮನಾರ್ಹ ವ್ಯತ್ಯಾಸ ಸಿಕ್ಕಿಲ್ಲ.

ಹೊಸಬರಿಗಾಗಿ ಕೀಲಿನ ರಚನೆ ಎರಡು ಮಾತಲ್ಲಿ. ಮುರಿತಕ್ಕೆ ನಾವು ಹಾಕುವುದು ಹೆಚ್ಚಾಗಿ ಜೋಡಿಸಿದ ಅರೆಬಿಗಿ ಕೀಲು. ತೋಳಿನ ಮೂಳೆಯೊಳಗೆ ಒಂದು ಕಾಂಡ, ಅಲ್ನಾದೊಳಗೆ ಒಂದು ಕಾಂಡ, ನಡುವೆ ಅಡ್ಡ ಪಿನ್ನು, ಪಿನ್ನಿನ ಸುತ್ತ ಪಾಲಿಥಿಲೀನ್ ಬುಷ್. ಬಾಗಿಲಿನ ಹಿಂಜಿನಂತೆ ಬಿಗಿಯಾಗಿರದೆ ಅಕ್ಕಪಕ್ಕಕ್ಕೆ ಸುಮಾರು 7 ಡಿಗ್ರಿ ಸಡಿಲು ಇರುತ್ತದೆ. ಆ ಸಡಿಲು ಬೇಕೆಂದೇ ಇಟ್ಟದ್ದು. 1970ರ ದಶಕದ ಬಿಗಿ ಹಿಂಜುಗಳಲ್ಲಿ ಪ್ರತಿ ತಿರುಚೂ ನೇರವಾಗಿ ಕಾಂಡವನ್ನು ಮೂಳೆಗೆ ಹಿಡಿಸುವ ಸಿಮೆಂಟಿಗೆ ಹೋಗಿ ಕಾಂಡಗಳು ಬೇಗ ಸಡಿಲಾಗುತ್ತಿದ್ದವು. ಸಡಿಲು ಇದ್ದರೆ ತಿರುಚಿನ ಒಂದು ಪಾಲನ್ನು ಸುತ್ತಲಿನ ಸ್ನಾಯುಗಳು ತಾಳಿಕೊಳ್ಳುತ್ತವೆ. ಕೂನ್ರಾಡ್-ಮೋರಿ ಕೀಲಿನ ಮುಂಭಾಗದಲ್ಲಿ ಒಂದು ಚಾಚು ಕೂಡ ಇದೆ. ಅದರ ಮತ್ತು ಮೂಳೆಯ ನಡುವೆ ರೋಗಿಯದೇ ಮೂಳೆಯ ಬಿಲ್ಲೆ ಇಟ್ಟರೆ ಅದು ಕೂಡಿಕೊಂಡು ಕಾಂಡ ಹಿಂದಕ್ಕೆ ವಾಲುವುದನ್ನೂ ತಿರುಗುವುದನ್ನೂ ತಡೆಯುತ್ತದೆ. ಹೇಗೂ ತೆಗೆದು ಬಿಸಾಡುವ ಮುರಿದ ಚೂರಿನಿಂದಲೇ ಆ ಬಿಲ್ಲೆ ಸಿಗುತ್ತದೆ.

ಓಟಿಸಿಸ್ಟರ್ · ಶಸ್ತ್ರಚಿಕಿತ್ಸಾ ಕೊಠಡಿ

ಸಿಮೆಂಟಿನ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಸೇರಿಸುತ್ತೇನೆ. ಮೊಣಕೈಯ ಮೂಳೆಗಳೊಳಗಿನ ಕಾಲುವೆ ಸಣ್ಣದು. ಮಂಡಿಯ ಸಿಮೆಂಟ್ ಗನ್ನಿನ ಮೂತಿ ಅಲ್ನಾದೊಳಗೆ ಹೋಗುವುದಿಲ್ಲ. ಸಣ್ಣ ಮೂತಿ ಮೊದಲೇ ತೆರೆದು, ಉದ್ದ ನೋಡಿ ಕತ್ತರಿಸಿಟ್ಟಿರಬೇಕು. ಆ್ಯಂಟಿಬಯಾಟಿಕ್ ಇರುವ ಸಿಮೆಂಟು, ಕಾಲುವೆಯ ಮೇಲ್ತುದಿಗೆ ತಡೆ, ಒಣಗಿಸಲು ಉದ್ದನೆಯ ಗಾಜ್ ಪಟ್ಟಿ. ಸಿಮೆಂಟು ಇನ್ನೂ ತೆಳ್ಳಗಿರುವಾಗಲೇ ಆಳದಿಂದ ಹಿಂದಕ್ಕೆ ತುಂಬುತ್ತಾ ಬರಬೇಕು. ತಡವಾದರೆ ಕಾಂಡ ಅರ್ಧಕ್ಕೆ ನಿಲ್ಲುತ್ತದೆ, ಬಡಿಯಲು ಹೋದರೆ ಅಲ್ನಾ ಸೀಳುತ್ತದೆ.

ಮುರಿತದ ಬಿರುಕು ಮೇಲಕ್ಕೆ ಹರಿದಿದ್ದರೆ ಮೊದಲು ತಂತಿ ಬಿಗಿದು ಮುಚ್ಚಬೇಕು. ಇಲ್ಲವಾದರೆ ಸಿಮೆಂಟು ಹೊರಗೆ ಸೋರಿ, ಗಟ್ಟಿಯಾಗುವಾಗಿನ ಬಿಸಿಗೆ ರೇಡಿಯಲ್ ನರ ಸುಡುತ್ತದೆ. ಬೇರೆ ಬೇರೆ ಅಳತೆಯ ಕಾಂಡಗಳೂ ಬುಷ್‌ಗಳೂ ಬಂದಿವೆಯೇ ಎಂದು ಚರ್ಮ ಕೊಯ್ಯುವ ಮುಂಚೆ ನೋಡಿ. ಎಡಗೈ ಬಲಗೈ ಅಲ್ನಾ ಬೇರೆ ಬೇರೆ.

ಭುಜಮೊಣಕೈ · ಮೂಳೆ ಶಸ್ತ್ರಚಿಕಿತ್ಸೆ

ಸಿಸ್ಟರ್ ಬರೆದದ್ದು ಬರೀ ತಯಾರಿಯ ವಿಷಯವಲ್ಲ, ಹತ್ತು ವರ್ಷದ ಫಲಿತಾಂಶ ನಿರ್ಧಾರವಾಗುವುದೇ ಅಲ್ಲಿ. ಸಿಮೆಂಟಿನಲ್ಲಿ ಗುಳ್ಳೆ, ಸುತ್ತ ರಕ್ತದ ಪದರ ಉಳಿದ ಕಡೆಯೇ ಮುಂದೆ ಎಕ್ಸ್‌ರೇಯಲ್ಲಿ ಕಪ್ಪು ಗೆರೆ ಏಳುತ್ತದೆ. ಜೊತೆಗೆ ತಿರುವು: ತೋಳಿನ ಮೂಳೆಯ ಹಿಂಭಾಗದ ಚಪ್ಪಟೆ ಮೇಲ್ಮೈಗೆ ಹೋಲಿಸಿದರೆ ಕೀಲಿನ ಅಕ್ಷ ಸುಮಾರು 14 ಡಿಗ್ರಿ ಒಳಕ್ಕೆ ತಿರುಗಿರಬೇಕು. ಮುರಿತದಲ್ಲಿ ಕಾಂಡೈಲ್‌ಗಳೇ ಇರುವುದಿಲ್ಲವಾದ್ದರಿಂದ ಕಣ್ಣಂದಾಜು ತಪ್ಪುತ್ತದೆ. ತಪ್ಪಿದರೆ ಬುಷ್‌ನ ಒಂದೇ ಅಂಚು ದಿನಾ ತೇಯುತ್ತದೆ. ಉದ್ದದಲ್ಲಿ ಎರಡು ಸೆಂಟಿಮೀಟರ್‌ವರೆಗೆ ಗಿಡ್ಡವಾದರೂ ಕೈ ಸಹಿಸಿಕೊಳ್ಳುತ್ತದೆ.

ಕ್ಷಕಿರಣ · ರೇಡಿಯಾಲಜಿ

ಈಗ ನನ್ನ ಸರದಿ. ಮೊಣಕೈ ಕೀಲು ಕೆಡುವುದಕ್ಕೆ ಒಂದು ವೇಳಾಪಟ್ಟಿಯೇ ಇದೆ. ಹಳೆಯ ಗಾಯದಿಂದ ಸವೆದ ಮೊಣಕೈಗೆ ಹಾಕಿದ ಕೀಲುಗಳನ್ನು ನೋಡಿದ 2010ರ ಅಧ್ಯಯನ, ಥ್ರಾಕ್‌ಮಾರ್ಟನ್ ಮತ್ತು ಜೊತೆಗಾರರದ್ದು, ಇದನ್ನು ಚೆನ್ನಾಗಿ ತೋರಿಸಿತು. ಮೊದಲ ಐದು ವರ್ಷದೊಳಗೆ ಕೆಟ್ಟವು ಬಹುಪಾಲು ಸೋಂಕಿನಿಂದ. ಐದರಿಂದ ಹತ್ತರ ನಡುವೆ ಬುಷ್ ಸವೆತ. ಹತ್ತು ದಾಟಿದ ಮೇಲೆ ಕಾಂಡ ಸಡಿಲಾಗುವುದು, ಕಾಂಡವೇ ಮುರಿಯುವುದು. ಹದಿನೈದು ವರ್ಷಕ್ಕೆ ಉಳಿದದ್ದು 70%. ಗಮನಿಸಿ, ಇವರು ಹೊಸ ಮುರಿತದವರಲ್ಲ, ಹೆಚ್ಚಿನವರು ವಯಸ್ಸಿನಲ್ಲೂ ಚಿಕ್ಕವರು. ಆದರೂ ಯಾವಾಗ ಏನನ್ನು ಹುಡುಕಬೇಕು ಅನ್ನುವುದಕ್ಕೆ ಇದೇ ದಿಕ್ಸೂಚಿ.

ಎಕ್ಸ್‌ರೇ ತೆಗೆಯುವ ರೀತಿ ಮುಖ್ಯ. ನೇರ ಮುಂಭಾಗದ್ದು ಮತ್ತು ನೇರ ಪಕ್ಕದ್ದು ಎರಡೂ ಬೇಕು. ಎರಡೂ ಕಾಂಡಗಳ ತುದಿ, ಸಿಮೆಂಟಿನ ತುದಿ ಫಿಲ್ಮಿನೊಳಗೆ ಬರಬೇಕು. ಮೊಣಕೈ ಮಾತ್ರ ತೆಗೆದು ಕಳಿಸಿದರೆ ಅಲ್ನಾ ತುದಿಯ ತೊಂದರೆ ಕಾಣುವುದೇ ಇಲ್ಲ. ಆರು ವಾರಕ್ಕೊಂದು, ವರ್ಷಕ್ಕೊಂದು, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಂದು. ಹಳೆಯ ಫಿಲ್ಮನ್ನು ಪಕ್ಕದಲ್ಲಿಟ್ಟು ನೋಡದಿದ್ದರೆ ಹೊಸದರಿಂದ ಅರ್ಧವೂ ತಿಳಿಯುವುದಿಲ್ಲ.

ಮುಂಭಾಗದ ಫಿಲ್ಮಿನಲ್ಲಿ ಎರಡು ಭಾಗಗಳ ನಡುವಿನ ವಾಲು ಅಳೆಯಿರಿ. 7 ಡಿಗ್ರಿಯೊಳಗಿದ್ದರೆ ಅದು ಕೀಲಿನದೇ ಸಡಿಲು. 10 ದಾಟಿದರೆ ಬುಷ್ ಸವೆದಿದೆ ಎಂದು ತಿಳಿಯಿರಿ. ಮೂಳೆ ಮತ್ತು ಸಿಮೆಂಟಿನ ನಡುವೆ ಕಪ್ಪು ಗೆರೆ ಒಂದು ಕಡೆ ತೆಳ್ಳಗಿದ್ದು ವರ್ಷಗಟ್ಟಲೆ ಹಾಗೇ ಇದ್ದರೆ ಚಿಂತೆಯಿಲ್ಲ. ಸುತ್ತಲೂ ಹಬ್ಬಿ 2 ಮಿಲಿಮೀಟರ್ ದಾಟಿದರೆ, ಅಥವಾ ಫಿಲ್ಮಿನಿಂದ ಫಿಲ್ಮಿಗೆ ಅಗಲವಾಗುತ್ತಿದ್ದರೆ ಸಡಿಲ ಎಂದೇ ಬರೆಯುತ್ತೇವೆ. ಮುಂಭಾಗದ ಚಾಚಿನ ಕೆಳಗಿನ ಮೂಳೆ ಬಿಲ್ಲೆ ಕರಗಿಹೋಗಿದೆಯೇ, ಅಲ್ನಾ ಕಾಂಡದ ಸುತ್ತ ಮೂಳೆ ಬಲೂನಿನಂತೆ ಉಬ್ಬಿ ತೆಳುವಾಗಿದೆಯೇ, ಇವೆರಡನ್ನೂ ಮರೆಯಬೇಡಿ.

ಮರುಚಲನೆ · ಫಿಸಿಯೋಥೆರಪಿ

ಬುಷ್ ಸವೆದದ್ದು ರೋಗಿಗೆ ಹೇಗೆ ಗೊತ್ತಾಗುತ್ತದೆ?

ಕ್ಷಕಿರಣ · ರೇಡಿಯಾಲಜಿ

ಬಹಳ ದಿನ ಗೊತ್ತೇ ಆಗುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಆಮೇಲೆ ಲೋಹಕ್ಕೆ ಲೋಹ ತಾಗುವ ಕಿರುಗುಟ್ಟು ಸದ್ದು, ಕೈ ಪಕ್ಕಕ್ಕೆ ವಾಲಿದಂತೆ ಅನ್ನಿಸುವುದು, ಮೊಣಕೈ ಸುತ್ತ ನೋವಿಲ್ಲದ ಊತ. ಬುಷ್ ಮಾತ್ರ ಸವೆದ ಹಂತದಲ್ಲೇ ಸಿಕ್ಕರೆ ಪಿನ್ನು ತೆಗೆದು ಬುಷ್ ಬದಲಾಯಿಸಿದರೆ ಮುಗಿಯಿತು, ಕಾಂಡ ಮುಟ್ಟಬೇಕಿಲ್ಲ. ಮೇಯೋದ 919 ಕೀಲುಗಳಲ್ಲಿ ಬರೀ ಬುಷ್ ಬದಲಾವಣೆಗೆ ಬಂದದ್ದು 12. ಬಿಟ್ಟುಬಿಟ್ಟರೆ ಪ್ಲಾಸ್ಟಿಕ್ಕಿನ ಸೂಕ್ಷ್ಮ ಪುಡಿ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ, ಆಮೇಲೆ ಕಾಂಡ.

ಭುಜಮೊಣಕೈ · ಮೂಳೆ ಶಸ್ತ್ರಚಿಕಿತ್ಸೆ

ಹಳೆಯ ಕೀಲಿನವರು ಬಂದರೆ ಇನ್ನೊಂದು ಕೇಳಿ: ಯಾವ ಕಾಲದ ಅಲ್ನಾ ಕಾಂಡ? ಒಂದು ಕಾಲದಲ್ಲಿ ಅದರ ಮೇಲೆ ಕಾರ್ಖಾನೆಯಲ್ಲೇ ಸಿಮೆಂಟಿನ ತೆಳು ಲೇಪನ ಕೊಟ್ಟು ಕಳಿಸುತ್ತಿದ್ದರು. ಅವು ಹೆಚ್ಚು ಸಡಿಲಾದವು, ಆಮೇಲೆ ಮೇಲ್ಮೈ ಬದಲಾಯಿತು. ಡಿಸ್ಚಾರ್ಜ್ ಸಾರಾಂಶದಲ್ಲಿ ಅಂಟಿಸಿದ ಸ್ಟಿಕ್ಕರ್‌ಗಳನ್ನು ಜೋಪಾನವಾಗಿಡಲು ಮನೆಯವರಿಗೆ ಹೇಳಿ. ಹದಿನಾಲ್ಕು ವರ್ಷದ ಮೇಲೆ ಒಂದು ಬುಷ್ ಬೇಕಾದಾಗ ಕಂಪನಿ, ಅಳತೆ, ತಯಾರಿ ಸಂಖ್ಯೆ ತಿಳಿಯದೆ ಇಡೀ ಕೀಲು ಕೀಳುವ ಸ್ಥಿತಿ ಬರಬಾರದು.

ಸೋಂಕುನೋಟ · ಮೈಕ್ರೋಬಯಾಲಜಿ

ಸೋಂಕಿನ ಬಗ್ಗೆ. ಸೊಂಟ, ಮಂಡಿಯಲ್ಲಿ ಸೋಂಕು 1-2%ರ ಮಾತು. ಮೊಣಕೈಯಲ್ಲಿ ಅದರ ಹಲವು ಪಟ್ಟು. ಕಾರಣ ಮುಟ್ಟಿ ನೋಡಿದರೇ ತಿಳಿಯುತ್ತದೆ: ಹಿಂಭಾಗದಲ್ಲಿ ಚರ್ಮ, ಅದರ ಕೆಳಗೆ ಒಂದು ತೆಳು ಚೀಲ, ಅದರ ಕೆಳಗೆ ನೇರವಾಗಿ ಲೋಹ. ನಡುವೆ ಮಾಂಸವಿಲ್ಲ. ಗಾಯದಲ್ಲಿ ರಕ್ತ ಕಟ್ಟಿ ಹೊಲಿಗೆ ಬಿರಿದರೆ ರೋಗಾಣು ಕೀಲಿಗೆ ತಲುಪಲು ಅರ್ಧ ಇಂಚು ಸಾಕು. ಅದಕ್ಕೇ ಕೊಯ್ತವನ್ನು ಮೊಣಕೈ ಮೊನೆಯ ಮೇಲೆ ಹಾಯಿಸದೆ ಸ್ವಲ್ಪ ಬದಿಗೆ ಬಾಗಿಸುವುದು. ಆಪರೇಷನ್ ಮುಗಿದ ಮೇಲೆ ಕೈ ನೇರ ಚಾಚಿ ಸ್ಪ್ಲಿಂಟು ಹಾಕಿ, ಒಂದೆರಡು ದಿನ ಎತ್ತರದಲ್ಲಿ ತೂಗುಹಾಕುವುದೂ ಅದಕ್ಕೇ. ಮಡಚಿಟ್ಟರೆ ಹಿಂಭಾಗದ ಚರ್ಮ ಬಿಗಿದು ರಕ್ತ ಓಡಾಟ ಕಡಿಮೆಯಾಗುತ್ತದೆ.

ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ರೋಗಾಣು ಬೇಗ ಮತ್ತು ಜೋರಾಗಿ ಬರುತ್ತದೆ. ಅದೇ ಕುಲದ ಎಪಿಡರ್ಮಿಡಿಸ್ ನಿಧಾನ: ಜ್ವರವಿಲ್ಲ, ಕೆಂಪಿಲ್ಲ, ಬರೀ ನೋವು ಮತ್ತು ಎಕ್ಸ್‌ರೇಯಲ್ಲಿ ಸಡಿಲ. ಹಾಗಾಗಿ ಸಡಿಲಾದ ಪ್ರತಿ ಕೀಲನ್ನೂ ಸೋಂಕಲ್ಲ ಎಂದು ಸಾಬೀತಾಗುವವರೆಗೆ ಸೋಂಕು ಎಂದೇ ನೋಡಿ. ಮಾದರಿ ತೆಗೆಯುವ ಮುಂಚೆ ರೋಗಿಯ ಸ್ಥಿತಿ ಅನುಮತಿಸಿದರೆ ಎರಡು ವಾರ ಆ್ಯಂಟಿಬಯಾಟಿಕ್ ನಿಲ್ಲಿಸಿ. ಆಪರೇಷನ್ನಿನಲ್ಲಿ ಬೇರೆ ಬೇರೆ ಜಾಗದಿಂದ, ಬೇರೆ ಬೇರೆ ಉಪಕರಣದಿಂದ ಐದು ತುಂಡು ಕಳಿಸಿ. 14 ದಿನ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಇಡಲು ಚೀಟಿಯಲ್ಲಿ ಬರೆಯಿರಿ, ಇಲ್ಲವಾದರೆ ನಿಧಾನವಾಗಿ ಬೆಳೆಯುವ ಕ್ಯೂಟಿಬ್ಯಾಕ್ಟೀರಿಯಂ ಎಂಬ ರೋಗಾಣು ಕಾಣುವ ಮುಂಚೆಯೇ "ಬೆಳವಣಿಗೆ ಇಲ್ಲ" ಎಂದು ವರದಿ ಹೋಗಿರುತ್ತದೆ. ಮೊದಲ ಮೂರು ನಾಲ್ಕು ವಾರದೊಳಗೆ, ಕಾಂಡ ಗಟ್ಟಿಯಿದ್ದರೆ ತೊಳೆದು, ಬುಷ್ ಬದಲಾಯಿಸಿ ಕೀಲು ಉಳಿಸುವ ಪ್ರಯತ್ನ ಮಾಡಬಹುದು. ಆಮೇಲೆ ಸಿಕ್ಕಿದ್ದಕ್ಕೆ ಎರಡು ಹಂತ: ಎಲ್ಲ ತೆಗೆದು, ಔಷಧಿ ಸಿಮೆಂಟು ಇಟ್ಟು, ವಾರಗಟ್ಟಲೆ ಔಷಧಿ, ಮತ್ತೆ ಹೊಸದು. ತೀರಾ ನಿತ್ರಾಣರಾದವರಲ್ಲಿ ಕೀಲು ತೆಗೆದು ಹಾಗೇ ಬಿಡುವುದೂ ಒಂದು ಚಿಕಿತ್ಸೆ.

ತೋಟದಮನೆ · ಓದುಗ

ನಮ್ಮ ಕಡೆ ಅಡಿಕೆ ಸುಲಿಯುವ, ಹುಲ್ಲಿನ ಹೊರೆ ಹೊರುವ ಐವತ್ತೆಂಟು-ಅರವತ್ತರವರು ಬಹಳ. ಅವರಿಗೆ ಮುರಿದರೆ ಏನು ಗತಿ? ಭಾರದ ಮಿತಿ ಎಷ್ಟು, ಅದು ಎಷ್ಟು ದಿನಕ್ಕೆ?

ಮರುಚಲನೆ · ಫಿಸಿಯೋಥೆರಪಿ

ಮಿತಿ ಜೀವನಪೂರ್ತಿ. ಎಲ್ಲ ಕಡೆ ಹೇಳುವುದು: ಯಾವಾಗಲೋ ಒಮ್ಮೆ ಎತ್ತುವುದು 5 ಕೆಜಿಯೊಳಗೆ, ಪದೇಪದೇ ಎತ್ತುವುದು 1 ಕೆಜಿಯೊಳಗೆ. ನಮ್ಮ ಮನೆಯ ಲೆಕ್ಕಕ್ಕೆ ತರೋಣ. ಅರ್ಧ ಲೀಟರ್ ಹಾಲಿನ ಪೊಟ್ಟಣ, ತಟ್ಟೆ, ಚೊಂಬು, ಇವೆಲ್ಲ ದಿನಾ ಎತ್ತಬಹುದು. ತುಂಬಿದ ಮೂರು ಲೀಟರ್ ಕುಕ್ಕರನ್ನು ಎರಡೂ ಕೈಯಲ್ಲಿ ಅಪರೂಪಕ್ಕೆ. ಹತ್ತು ಲೀಟರಿನ ಕೊಡ ಬೇಡ, 20 ಲೀಟರ್ ನೀರಿನ ಕ್ಯಾನು ಬೇಡ, ಸಿಲಿಂಡರ್ ಉರುಳಿಸುವುದೂ ಬೇಡ. ಒನಕೆ, ಗುದ್ದಲಿ, ಮಚ್ಚು, ಬಾವಿಯ ಹಗ್ಗ, ಬಟ್ಟೆ ಕಲ್ಲಿಗೆ ಬಡಿಯುವುದು ಪೂರ್ತಿ ಬಂದ್, ಯಾಕೆಂದರೆ ಅಲ್ಲಿ ಭಾರಕ್ಕಿಂತ ಹೊಡೆತ ದೊಡ್ಡದು.

ಯಾಕೆ ಇಷ್ಟು ಕಡಿಮೆ ಎನ್ನುವವರಿಗೆ ಸನ್ನೆಯ ಲೆಕ್ಕ ಹೇಳಿ. ಅಂಗೈ ಮೊಣಕೈಯಿಂದ 30-35 ಸೆಂಟಿಮೀಟರ್ ದೂರ. ಬೈಸೆಪ್ಸ್ ಹಿಡಿದೆಳೆಯುವುದು 4-5 ಸೆಂಟಿಮೀಟರ್ ದೂರದಲ್ಲಿ. ಮೊಣಕೈ ಲಂಬಕೋನದಲ್ಲಿ ಮಡಚಿ 5 ಕೆಜಿ ಹಿಡಿದರೆ ಸ್ನಾಯು ಸುಮಾರು 35 ಕೆಜಿಯಷ್ಟು ಎಳೆಯುತ್ತದೆ, ಅದೆಲ್ಲ ಕೀಲಿನ ಮೇಲೇ ಬೀಳುತ್ತದೆ. ಇನ್ನು ತೋಳನ್ನು ಪಕ್ಕಕ್ಕೆ ಎತ್ತಿ, ಮೊಣಕೈ ಮೈಯಿಂದ ದೂರ ಮಾಡಿ ಎತ್ತಿದರೆ ಭಾರ ಕೀಲನ್ನು ಪಕ್ಕಕ್ಕೆ ತಿರುಚುತ್ತದೆ. ಬುಷ್‌ನ ಅಂಚು ಸವೆಯುವುದು ಆ ಭಂಗಿಯಲ್ಲಿ. ಹಾಗಾಗಿ ಅಭ್ಯಾಸ ಮಾಡಿಸಬೇಕಾದದ್ದು: ಮೊಣಕೈ ಪಕ್ಕೆಗೆ ತಾಗಿರಲಿ, ಅಂಗೈ ಮೇಲಕ್ಕಿರಲಿ, ಎರಡೂ ಕೈ ಸೇರಲಿ. ಅಟ್ಟದ ಡಬ್ಬಿಗಳನ್ನು ಸೊಂಟದ ಎತ್ತರಕ್ಕೆ ಇಳಿಸಿಡಿ.

ನೆಲದಿಂದ ಏಳುವುದು ನಮ್ಮಲ್ಲಿ ದೊಡ್ಡ ಸಮಸ್ಯೆ. ಚಾಪೆಯಿಂದ, ಕೆಳಗೆ ಕೂರುವ ಶೌಚದಿಂದ ಏಳುವಾಗ ಕೈ ಊರಿದರೆ ಮೈಭಾರವೆಲ್ಲ ಒಂದು ಮೊಣಕೈ ಮೇಲೆ. ಮಂಚ, ಎತ್ತರದ ಕಮೋಡು, ಇನ್ನೊಂದು ಕೈಗೆ ಗೋಡೆ ಹಿಡಿಕೆ, ಇವನ್ನು ಡಿಸ್ಚಾರ್ಜ್‌ಗೆ ಮೊದಲೇ ಮಾಡಿಸಿ. ಮಂಡಿ ನೋವಿಗೆ ವಾಕರ್ ಹಿಡಿದು ನಡೆಯುವವರಿಗೆ ಮೊಣಕೈ ಕೀಲು ಹಾಕುವ ಮುಂಚೆ ಎರಡು ಸಲ ಯೋಚಿಸಬೇಕು. ಹಾಕಲೇಬೇಕಾದರೆ ಮುಂಗೈ ಇಟ್ಟು ಒರಗುವ ತಟ್ಟೆ ಇರುವ ವಾಕರ್ ಕೊಡಿಸಿ.

ಭುಜಮೊಣಕೈ · ಮೂಳೆ ಶಸ್ತ್ರಚಿಕಿತ್ಸೆ

ತೋಟದಮನೆಯವರಿಗೆ: ಅಂಥವರಿಗೆ ಮೊದಲ ಆಯ್ಕೆ ಪ್ಲೇಟು, ಎಷ್ಟೇ ಕಷ್ಟವಾದರೂ. ಮೊಣಕೈ ಸ್ವಲ್ಪ ಬಿಗಿಯಾಗಿ ಉಳಿದರೂ ದುಡಿಯುವ ಕೈ ಉಳಿಯುತ್ತದೆ. ನಲವತ್ತರೊಳಗಿನವರಿಗೆ ಹಾಕಿದ 55 ಕೀಲುಗಳ ವರದಿ 2009ರಲ್ಲಿ ಬಂತು. ಸರಾಸರಿ ಏಳೂವರೆ ವರ್ಷದ ಹಿಂಬಾಲಿಕೆಯಲ್ಲಿ 12ಕ್ಕೆ ಮರುಶಸ್ತ್ರಚಿಕಿತ್ಸೆ ಬೇಕಾಗಿತ್ತು. ಪ್ಲೇಟು ಸೋತರೆ ಆಮೇಲೆ ಕೀಲು ಹಾಕಲು ದಾರಿ ಇದೆ, ತೊಡಕು ಸ್ವಲ್ಪ ಹೆಚ್ಚು ಅಷ್ಟೇ. ಕೀಲು ಸೋತರೆ ಪ್ಲೇಟಿಗೆ ಹಿಂದಿರುಗುವ ದಾರಿಯೇ ಇಲ್ಲ.

ನಡುವಿನ ದಾರಿ ಅರೆಕೀಲು: ತೋಳಿನ ಮೂಳೆಯ ತುದಿ ಮಾತ್ರ ಲೋಹದ್ದು, ಅಲ್ನಾ ರೋಗಿಯದೇ. ಬುಷ್ ಇಲ್ಲ, ಭಾರದ ಮಿತಿ ಅಷ್ಟು ಬಿಗಿಯಲ್ಲ. ಆದರೆ ಎರಡೂ ಬದಿಯ ಕಾಂಡೈಲ್‌ಗಳನ್ನೂ ಪಕ್ಕದ ಲಿಗಮೆಂಟುಗಳನ್ನೂ ಗಟ್ಟಿಯಾಗಿ ಉಳಿಸಿಕೊಳ್ಳಲು ಆಗಬೇಕು, ಇಲ್ಲವಾದರೆ ಕೀಲು ಜಾರುತ್ತದೆ. ಜೊತೆಗೆ ಲೋಹಕ್ಕೆ ಎದುರಾದ ಅಲ್ನಾದ ಮೃದ್ವಸ್ಥಿ ವರ್ಷಗಳು ಕಳೆದಂತೆ ತೇಯುತ್ತದೆ.

ಇನ್ನೊಂದು ತುದಿಯಲ್ಲಿ, ಹಾಸಿಗೆ ಹಿಡಿದ, ಅರಿವಳಿಕೆ ತಡೆಯದ ವೃದ್ಧರಿಗೆ ಆಪರೇಷನ್ನೇ ಬೇಡ. ಎರಡು ಮೂರು ವಾರ ಜೋಲಿ ಹಾಕಿ, ನೋವು ಇಳಿದಂತೆ ಕೈ ಆಡಿಸಿದರೆ ಊಟ ಬಾಯಿಗೆ ಹೋಗುವಷ್ಟು ಚಲನೆ ಬಹಳ ಸಲ ಬರುತ್ತದೆ. ಇದನ್ನು ಸೋಲು ಎಂದು ನೋಡಬಾರದು.

ಕಟ್ಟುಪಟ್ಟಿ · ಅಪಘಾತ ವಿಭಾಗ, ಜಿಲ್ಲಾ ಆಸ್ಪತ್ರೆ

ನಮ್ಮಲ್ಲಿ ಪಾಶ್ಚಾತ್ಯ ಅಧ್ಯಯನಗಳಲ್ಲಿ ಕಾಣದ ಒಂದು ಗುಂಪು ಇದೆ. ನಾಟಿ ಕಟ್ಟು ಕಟ್ಟಿಸಿ, ಎಣ್ಣೆ ಹಚ್ಚಿ ನೀವಿಸಿ, ಆರು ತಿಂಗಳ ಮೇಲೆ ಮೊಣಕೈ ಸೆಟೆದುಕೊಂಡೋ ಜೋಲುಬಿದ್ದೋ ಬರುವವರು. ಬಲವಾಗಿ ನೀವುವುದರಿಂದ ಸ್ನಾಯುವಿನೊಳಗೆ ಮೂಳೆ ಬೆಳೆಯುತ್ತದೆ. ಕೋಲ್ಕತ್ತಾದ ಡಾ. ಡಿ.ಪಿ. ಬಕ್ಷಿಯವರು ಸಡಿಲು ಹಿಂಜಿನ ಕೀಲನ್ನು ಇಲ್ಲಿಯೇ ರೂಪಿಸಿ, ಗಾಯದ ನಂತರ ಸೆಟೆದ ಮತ್ತು ಜೋಲುಬಿದ್ದ ಮೊಣಕೈಗಳಿಗೆ ಹಾಕಿದ ಫಲಿತಾಂಶವನ್ನು 1998ರಲ್ಲಿ ಪ್ರಕಟಿಸಿದ್ದು ಇಂಥವರನ್ನು ಕಂಡೇ. ಈ ಗುಂಪಿನಲ್ಲಿ ಅಲ್ನಾರ್ ನರ ಗಾಯದ ಗಂಟಿನಲ್ಲಿ ಸಿಕ್ಕಿರುತ್ತದೆ. ಆಪರೇಷನ್ನಿಗೆ ಮುಂಚೆ ಕಿರುಬೆರಳಿನ ಸ್ಪರ್ಶ, ಬೆರಳು ಅಗಲಿಸುವ ಬಲ ಬರೆದಿಡಿ. ಆಮೇಲೆ ಜೋಮು ಹಿಡಿದರೆ ಹಳೆಯದೋ ಹೊಸದೋ ಎಂದು ತಿಳಿಯಬೇಕಲ್ಲ.

ಮರುಚಲನೆ · ಫಿಸಿಯೋಥೆರಪಿ

ಅದೇ ಕಾರಣಕ್ಕೆ ಆಪರೇಷನ್ ಆದ ಮೇಲೂ ಯಾರೂ ಬಲವಂತವಾಗಿ ಮಡಚಿಸಬಾರದು. ಟ್ರೈಸೆಪ್ಸ್ ಬಿಡಿಸದೆ ಮಾಡಿದ್ದರೆ ಗಾಯ ಒಣಗಿದಂತೆ ರೋಗಿಯೇ ಆಡಿಸಲಿ. ಬಿಡಿಸಿ ಹೊಲಿದಿದ್ದರೆ ಆರು ವಾರ ಬಲ ಹಾಕಿ ಚಾಚುವಂತಿಲ್ಲ, ಕೈ ಊರಿ ಏಳುವಂತಿಲ್ಲ. 30ರಿಂದ 130 ಡಿಗ್ರಿ ಸಿಕ್ಕರೆ ದಿನದ ಕೆಲಸಗಳು ನಡೆಯುತ್ತವೆ. ಕೊನೆಯ 20 ಡಿಗ್ರಿ ಚಾಚಿಸಲು ಹಟ ಮಾಡಬೇಡಿ.

ತೋಟದಮನೆ · ಓದುಗ

ಮೂಳೆ ಸವೆತಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕೇ?

ಭುಜಮೊಣಕೈ · ಮೂಳೆ ಶಸ್ತ್ರಚಿಕಿತ್ಸೆ

ಖಂಡಿತ. ನಿಂತಲ್ಲೇ ಬಿದ್ದು ಮೊಣಕೈ ಮುರಿದಿದೆ ಅಂದರೆ ಮೂಳೆ ಸವೆತ ಇದೆ ಎಂದೇ ಅರ್ಥ. ಡೆಕ್ಸಾ ಸ್ಕ್ಯಾನ್ (ಮೂಳೆಯ ಸಾಂದ್ರತೆ ಅಳೆಯುವುದು), ವಿಟಮಿನ್ ಡಿ, ಕ್ಯಾಲ್ಸಿಯಂ, ಮೂತ್ರಪಿಂಡ ಸರಿಯಿದ್ದರೆ ಮೂಳೆ ಸವೆತ ತಡೆಯುವ ಔಷಧಿ: ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಲಿಗ್ರಾಂ ಅಥವಾ ವರ್ಷಕ್ಕೊಂದು ಜೋಲೆಡ್ರೊನಿಕ್ ಆಮ್ಲ 5 ಮಿಲಿಗ್ರಾಂ. ಎರಡನೇ ಸಲ ಬಿದ್ದರೆ ಕಾಂಡದ ತುದಿಯಲ್ಲಿ ಮೂಳೆ ಮುರಿಯುತ್ತದೆ. ಅದನ್ನು ಕೂಡಿಸುವುದು ಮೊದಲ ಮುರಿತಕ್ಕಿಂತ ಬಹಳ ಕಷ್ಟ.

ಸೋಂಕುನೋಟ · ಮೈಕ್ರೋಬಯಾಲಜಿ

ಕೀಲು ಇರುವವರ ಊರಿನ ವೈದ್ಯರಿಗೆ ಒಂದು ಕೋರಿಕೆ. ಮೊಣಕೈ ಹಿಂದೆ ನಿಂಬೆಹಣ್ಣಿನಂಥ ಊತ ಬಂದರೆ ಕ್ಲಿನಿಕ್ಕಿನಲ್ಲೇ ಸೂಜಿ ಹಾಕಿ ನೀರು ತೆಗೆಯಬೇಡಿ, ಸ್ಟೀರಾಯ್ಡ್ ಚುಚ್ಚಬೇಡಿ, "ನೋಡೋಣ" ಎಂದು ಐದು ದಿನದ ಆ್ಯಂಟಿಬಯಾಟಿಕ್ಕನ್ನೂ ಶುರು ಮಾಡಬೇಡಿ. ಆ ಚೀಲದ ಕೆಳಗೇ ಕೀಲು ಇದೆ. ಒಂದು ಎಕ್ಸ್‌ರೇ, ಉರಿಯೂತ ತಿಳಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಿ, ಆಪರೇಷನ್ ಮಾಡಿದ ಕಡೆಗೆ ಅದೇ ದಿನ ಫೋನು ಮಾಡಿ. ಇನ್ನೊಂದು ಕೈ ಸರಿಯಿರುವಾಗ ಈ ಕೈಗೆ ಡ್ರಿಪ್ ಕೂಡ ಹಾಕಬೇಡಿ.